ಪಾಠ ಕಟ್ಟುವ ಪಾಠ

ಪತ್ರಿಕೆಗೆ ಏನಾದರೂ ಬರೆದುಕೊಡು ಎಂದು ಸರ್ ಹೇಳಿದಾಗ ಜಿಎಸ್‌ಟಿ ಬಗ್ಗೆ ಬರೆಯೋಣ ಅಂದುಕೊಂಡಿದ್ದೆ. ಕಾಮರ್ಸ್ ವಿದ್ಯಾರ್ಥಿ ಅಂದಮೇಲೆ ಅದೇ ತಾನೇ ಬರೆಯುವುದು! ಆದರೆ ಕಳೆದ ವರ್ಷ ಪ್ರಥಮ ಪಿಯುನಲ್ಲಿ ಇದ್ದಾಗ ನಾನು ನಿಜವಾಗಿ ತಲೆ ಕೆಡಿಸಿಕೊಂಡದ್ದು ಬೇರೊಂದು ವಿಷಯಕ್ಕೆ. ಆನ್‌ಲೈನ್ ಪಾಠವನ್ನು ಹೇಗೆ ಕಟ್ಟಬೇಕು ಎಂಬುದನ್ನೇ ಕಲಿಸುವ ಒಂದು ಆನ್‌ಲೈನ್ ಕೋರ್ಸು ಅದು. ಲರ್ನಿಂಗ್ ಡಿಸೈನ್ ಅಂತಾರೆ.

ಕೋರ್ಸಿಗೆ ಹೆಸರು ಹಚ್ಚಿದ್ದು ನಾನಲ್ಲ, ನಮ್ಮ ಆಪಾ. ಬಿ.ಎಡ್. ಮುಗಿಸಿ ಶಾಲೆಯಲ್ಲಿ ಕಲಿಸುತ್ತಾಳೆ. ಮನೆಯಲ್ಲಿ ಒಳ್ಳೆಯ ಫೋನ್ ಇರುವುದು ಅವಳ ಹತ್ತಿರ ಮಾತ್ರ, ಹಾಗಾಗಿ ರಾತ್ರಿ ಇಯರ್‌ಫೋನಿನ ಒಂದು ತುದಿ ಅವಳ ಕಿವಿಗೆ, ಇನ್ನೊಂದು ನನ್ನ ಕಿವಿಗೆ. ಪ್ರಮಾಣಪತ್ರ ಅವಳದ್ದು. ನಾನು ಟಿಕೆಟ್ ಇಲ್ಲದ ಪ್ರಯಾಣಿಕ.

ಅಬ್ಬಾ ಶಹಾಬಾದಿನಲ್ಲಿ ಫರಸಿ ಕಲ್ಲಿನ ಕೆಲಸ ಮಾಡುತ್ತಾರೆ. ನಮ್ಮನ್ನು ನೋಡಿ, "ಪಾಠಕ್ಕೂ ಡಿಸೈನ್ ಇರುತ್ತದಾ? ಡಿಸೈನ್ ಅಂದರೆ ಕಲ್ಲಿನದ್ದು" ಎಂದು ನಮ್ಮ ಮನೆಮಾತಿನಲ್ಲೇ ನಕ್ಕರು. ಆದರೆ ಗಿರಾಕಿ ಬಂದ ಕೂಡಲೇ ಅಬ್ಬಾ ಕೇಳುವ ಮೊದಲ ಮಾತೇ "ಎಲ್ಲಿ ಹಾಸುವುದು?" ಅಂಗಳಕ್ಕೋ, ಮೆಟ್ಟಿಲಿಗೋ, ಅಡುಗೆಮನೆಗೋ ಗೊತ್ತಾಗದೆ ಮಷಿನ್ ಶುರು ಮಾಡುವುದಿಲ್ಲ. ಕೋರ್ಸಿನ ಮೊದಲ ವಾರ ಹೇಳಿದ್ದೂ ಹೆಚ್ಚುಕಡಿಮೆ ಅದೇ.

ಮೊದಲು ಕೋರ್ಸಿನ ಬಗ್ಗೆ ಸ್ವಲ್ಪ ಹೇಳಿಬಿಡುತ್ತೇನೆ, ನಿಮಗೂ ಉಪಯೋಗಕ್ಕೆ ಬರಬಹುದು. ಕೇಂದ್ರ ಸರ್ಕಾರದ ಸ್ವಯಂ ವೇದಿಕೆ ಶುರುವಾದದ್ದು 2017ರಲ್ಲಿ. ಐಐಟಿಗಳ ಎನ್‌ಪಿಟಿಇಎಲ್ ಕೋರ್ಸುಗಳೂ ಅಲ್ಲಿವೆ. ಸೇರಲು, ಪಾಠ ನೋಡಲು ದುಡ್ಡು ಕೊಡಬೇಕಿಲ್ಲ. ಪ್ರಮಾಣಪತ್ರ ಬೇಕಾದವರು ಮಾತ್ರ ಶುಲ್ಕ ಕಟ್ಟಿ ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯಬೇಕು. ಎಂಜಿನಿಯರಿಂಗ್‌ನವರಿಗೆ ಮಾತ್ರ ಅಂದುಕೊಳ್ಳಬೇಡಿ, ಕಾಮರ್ಸಿನ ವಿಷಯಗಳೂ ಇವೆ. ಸಾವಿರಾರು ಜನ ಒಟ್ಟಿಗೆ ಕಲಿಯುವ ಇಂಥ ಕೋರ್ಸಿಗೆ ಮೂಕ್ ಎಂದು ಹೆಸರು. ಈ ಶಬ್ದ ಹುಟ್ಟಿದ್ದು 2008ರಲ್ಲಿ. ಮೊದಲ ಸಲ ಕೇಳಿದಾಗ "ಮೂಕ" ಅಂತ ಕೇಳಿಸಿತು. 2020ರಲ್ಲಿ ಅಬ್ಬಾನ ಸಣ್ಣ ಫೋನಿನಲ್ಲಿ ನಾನು ಕೂತ ಆನ್‌ಲೈನ್ ಕ್ಲಾಸುಗಳಿಗೆ ಆ ಹೆಸರೇ ಸರಿ ಇತ್ತು. ಆ ಕಡೆಯಿಂದ ಮಾತು ಬರುತ್ತಿತ್ತು, ಈ ಕಡೆ ನಾವು ಮೂಕರು. ಆ ವರ್ಷ ವಿದ್ಯಾಗಮದಲ್ಲಿ ಟೀಚರ್ ನಮ್ಮ ಓಣಿಗೇ ಬಂದು ಕಟ್ಟೆ ಮೇಲೆ ಕೂರಿಸಿ ಕಲಿಸಿದ್ದು ಮಾತ್ರ ಇನ್ನೂ ನೆನಪಿದೆ. ಯಾಕೆ ಅದು ನೆನಪಿದೆ, ಇದು ಇಲ್ಲ ಎಂಬ ಪ್ರಶ್ನೆಗೆ ನನಗೆ ಉತ್ತರ ಸಿಕ್ಕಿದ್ದು ಈ ಕೋರ್ಸಿನಲ್ಲಿ.

ಐಐಟಿ ಬಾಂಬೆಯ ಸಹನಾ ಮೂರ್ತಿ, ಶ್ರೀಧರ ಅಯ್ಯರ್ ಮತ್ತು ಅವರ ಸಂಗಡಿಗರು ಎಲ್‌ಸಿಎಂ ಎಂಬ ಒಂದು ಮಾದರಿ ಮಾಡಿದ್ದಾರೆ. ಆಪಾ ಸೇರಿದ್ದು ಅದನ್ನು ಕಲಿಸುವ ಕೋರ್ಸಿಗೆ. ಎಲ್ಲವೂ ಇಂಗ್ಲಿಷ್, ಅದಕ್ಕೆ ಒಂದೊಂದು ವಿಡಿಯೊ ಎರಡೆರಡು ಸಲ ನೋಡಿದೆವು. ಅದರ ತಿರುಳು ಕಲಿಯುವವನನ್ನು ನಡುವೆ ಇಟ್ಟು ಪಾಠ ಮಾಡುವುದು. ಕೇಳಿದರೆ ಎಲ್ಲರೂ ಹೇಳುವ ಮಾತಿನ ಹಾಗಿದೆ, ಆದರೆ ಅದನ್ನು ಮಾಡುವುದು ಹೇಗೆ ಎಂದು ಅವರು ತೋರಿಸಿದ ರೀತಿ ನನಗೆ ಹಿಡಿಸಿತು. ಒಂದು ಉದಾಹರಣೆ. ವಿಡಿಯೊ ನಡುವೆ ಒಂದು ಪ್ರಶ್ನೆ ಬರುತ್ತದೆ. "ಇಲ್ಲಿ ವಿಡಿಯೊ ನಿಲ್ಲಿಸಿ, ಉತ್ತರ ಬರೆದು, ಆಮೇಲೆ ಮುಂದೆ ನೋಡಿ" ಅಂತಾರೆ. ಇದಕ್ಕೆ ರಿಫ್ಲೆಕ್ಷನ್ ಸ್ಪಾಟ್ ಎಂದು ಹೆಸರು. ನಾನು ಎರಡು ದಿನ ನಿಲ್ಲಿಸದೆ ನೋಡಿದೆ. ಮೂರನೇ ದಿನ ಆಪಾ ಫೋನ್ ಕಿತ್ತುಕೊಂಡು ಬರೆ ಅಂದಳು. ಬರೆದೆ, ತಪ್ಪಾಗಿತ್ತು. ಆ ತಪ್ಪಿನಿಂದಾಗಿಯೇ ಆ ಭಾಗ ಇವತ್ತಿಗೂ ಮರೆತಿಲ್ಲ.

ಇನ್ನೊಂದು, ಅಭ್ಯಾಸದ ಪ್ರಶ್ನೆಗಳು. ನಮ್ಮಲ್ಲಿ ತಪ್ಪು ಉತ್ತರಕ್ಕೆ ಕೆಂಪು ಗೆರೆ ಬೀಳುತ್ತದೆ, ಕಥೆ ಮುಗಿಯಿತು. ಇಲ್ಲಿ ಪ್ರತಿ ತಪ್ಪು ಉತ್ತರಕ್ಕೂ ಬೇರೆ ಬೇರೆ ವಿವರಣೆ ಬರೆಯಬೇಕು: ನೀನು ಹೀಗೆ ಯೋಚಿಸಿರಬೇಕು, ಅದಕ್ಕೇ ಈ ಉತ್ತರ ಬಂದಿದೆ, ಇಲ್ಲಿ ಮತ್ತೆ ನೋಡು ಅಂತ. ಅಂದರೆ ಪಾಠ ಮಾಡುವವರಿಗೆ ಸರಿ ಉತ್ತರ ಗೊತ್ತಿದ್ದರೆ ಸಾಲದು, ಹುಡುಗರು ಎಲ್ಲಿ ಜಾರುತ್ತಾರೆ ಅನ್ನುವುದೂ ಗೊತ್ತಿರಬೇಕು. ಇದಲ್ಲದೆ ಚರ್ಚೆಗೆ ಒಂದು ಜಾಗ, ಮತ್ತು ಬೇರೆ ಬೇರೆ ಮಟ್ಟದವರಿಗೆ ಮುಂದೆ ಓದಲು ಬೇರೆ ಬೇರೆ ಸಾಮಗ್ರಿ. ಹಿಂದೆ ಬಿದ್ದವನಿಗೆ ಒಂದು ದಾರಿ, ಮುಂದೆ ಓಡುವವನಿಗೆ ಇನ್ನೊಂದು.

ಇದನ್ನು ಕೇಳುವಾಗ ನನಗೆ ಚಿತ್ತಾಪುರದ ಹತ್ತಿರದ ನಾಗಾವಿ ನೆನಪಾಯಿತು. ಹೈಸ್ಕೂಲಿನಲ್ಲಿ ಇದ್ದಾಗ ಅಲ್ಲಿನ ಅರವತ್ತು ಕಂಬದ ಗುಡಿ ನೋಡಲು ಕರೆದುಕೊಂಡು ಹೋಗಿದ್ದರು. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಅದು ಘಟಿಕಾಸ್ಥಾನ, ಅಂದರೆ ದೊಡ್ಡ ವಿದ್ಯಾಕೇಂದ್ರ. 1058ರ ಶಾಸನದಲ್ಲಿ ಅಲ್ಲಿನ ಲೆಕ್ಕ ಇದೆ. ವೇದ ಓದುವ ವಿದ್ಯಾರ್ಥಿಗಳೇ ಇನ್ನೂರು ಜನ. ವೇದ ಕಲಿಸಲು ಮೂವರು, ಶಾಸ್ತ್ರ ಕಲಿಸಲು ಮೂವರು. ಪುಸ್ತಕ ಭಂಡಾರ ನೋಡಿಕೊಳ್ಳಲು ಸರಸ್ವತೀ ಭಂಡಾರಿಗರು ಆರು ಜನ! ಕಲಿಸುವವರು ಎಷ್ಟೋ ಪುಸ್ತಕ ಕೊಡುವವರೂ ಅಷ್ಟೇ. ಅವತ್ತು ಬಿಸಿಲಿನಲ್ಲಿ ನಿಂತು ಇದನ್ನು ಕೇಳಿದಾಗ ಏನೂ ಅನಿಸಿರಲಿಲ್ಲ. (ನಮ್ಮ ಲೈಬ್ರರಿ ಸರ್ ಒಬ್ಬರೇ ಇದ್ದಾರೆ. ಅವರ ಕಷ್ಟ ಈಗ ಅರ್ಥವಾಗುತ್ತದೆ.)

ಇಷ್ಟು ಕಲಿತ ಮೇಲೆ ಸುಮ್ಮನೆ ಕೂರಲು ಆಗಲಿಲ್ಲ. ನಮ್ಮ ಕ್ಲಾಸಿನಲ್ಲಿ ಅಕೌಂಟೆನ್ಸಿ ಅಂದರೆ ಅರ್ಧ ಜನರಿಗೆ ಜ್ವರ. ಮಧ್ಯಾವಧಿ ಪರೀಕ್ಷೆಯಲ್ಲಿ ಚಿಂಚೋಳಿ ಕಡೆಯ ನನ್ನ ಗೆಳತಿ ಫೇಲಾದಳು. ಹೆಸರು ಹಾಕಬೇಡ ಅಂದಿದ್ದಾಳೆ, ಹಾಕುವುದಿಲ್ಲ. ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ ನಾಲ್ಕೂ ಊರಿಗೆ ರೈಲು ಇದೆ. ಚಿಂಚೋಳಿಗೆ ಇಲ್ಲ. ಅವಳು ಓದಿಗಾಗಿ ಸೇಡಂನಲ್ಲಿ ಸಂಬಂಧಿಕರ ಮನೆಯಲ್ಲಿ ಇದ್ದು ಬರುತ್ತಿದ್ದಳು. "ವಾರ್ಷಿಕ ಪರೀಕ್ಷಾದಾಗೂ ಹಿಂಗ ಆದ್ರ ಮನೀಗೆ ಬಾ ಅಂತ ಅಣ್ಣ ಅಂದಾನ" ಎಂದಳು. ಅಳಲಿಲ್ಲ. ಊಟದ ಡಬ್ಬಿ ಮುಚ್ಚಿಟ್ಟಳು, ಅಷ್ಟೇ.

ಬ್ಯಾಂಕ್ ಹೊಂದಾಣಿಕೆ ತಃಖ್ತೆಯ ಮೇಲೆ ಒಂದು ಪಾಠ ಮಾಡುತ್ತೇನೆ ಎಂದು ನಾನು ಹೇಳಿದೆ. ಹದಿನಾಲ್ಕು ನಿಮಿಷದ ವಿಡಿಯೊ ಮಾಡಿದೆ. ಆಪಾ ಫೋನ್ ಹಿಡಿದಳು, ನಾನು ಬಿಳಿ ಹಾಳೆ ಮೇಲೆ ಬರೆದೆ. ಬಹಳ ಚೆಂದ ಬಂದಿದೆ ಅಂತ ನನಗೇ ಅನಿಸಿತು. ವಾಟ್ಸಾಪ್ ಗುಂಪಿನಲ್ಲಿ 23 ಜನ. ಎಲ್ಲರೂ ಬೆರಳು ಎತ್ತಿದ ಚಿತ್ರ ಕಳಿಸಿದರು. ಮಾರನೇ ದಿನ ಒಬ್ಬೊಬ್ಬರನ್ನೇ ಕೇಳಿದರೆ ಪೂರ್ತಿ ನೋಡಿದವರು ನಾಲ್ಕು ಜನ, ಅದರಲ್ಲಿ ಇಬ್ಬರಿಗೆ ಮೊದಲೇ ಬರುತ್ತಿತ್ತು.

ಸಿಟ್ಟು ಬಂತು. ಆಪಾಗೆ ಹೇಳಿದರೆ ಅವಳು ಒಂದೇ ಪ್ರಶ್ನೆ ಕೇಳಿದಳು: "ಅವರು ಎಲ್ಲಿ ಕೂತು ನೋಡುತ್ತಾರೆ, ಕೇಳಿದ್ದೀಯಾ?" ಅಬ್ಬಾನ ಪ್ರಶ್ನೆಯೇ! ಕೋರ್ಸಿನ ಮೊದಲ ವಾರದಲ್ಲೇ ಬರೆದುಕೊಂಡಿದ್ದೆ, ಮಾಡಿರಲಿಲ್ಲ.

ಆಮೇಲೆ ಕೇಳಿದೆ. ವಾಡಿಯಿಂದ ಬರುವವರು ರೈಲಿನಲ್ಲಿ ನೋಡುತ್ತಾರೆ, ನಡುನಡುವೆ ಸಿಗ್ನಲ್ ಹೋಗುತ್ತದೆ. ಒಬ್ಬ ಸಂಜೆ ಗ್ಯಾರೇಜಿಗೆ ಹೋಗುತ್ತಾನೆ. ನನ್ನ ಗೆಳತಿಗೆ ಸ್ವಂತ ಫೋನ್ ಇಲ್ಲ, ರಾತ್ರಿ ಒಂಬತ್ತರ ಮೇಲೆ ಮಾಮಿಯ ಫೋನ್ ಸಿಗುತ್ತದೆ, ಅಷ್ಟೊತ್ತಿಗೆ ಆ ದಿನದ ಡೇಟಾ ಮುಗಿದಿರುತ್ತದೆ. ಹದಿನಾಲ್ಕು ನಿಮಿಷದ ವಿಡಿಯೊ ಇವರಿಗೆ ಯಾಕೆ ಬೇಕು?

ಇನ್ನೊಂದು ತೊಡಕು ಭಾಷೆಯದ್ದು. ನಮ್ಮಲ್ಲಿ ಹತ್ತನೇ ತನಕ ಉರ್ದು ಮಾಧ್ಯಮದಲ್ಲಿ ಓದಿದವರು ಇದ್ದಾರೆ, ಕನ್ನಡ ಮಾಧ್ಯಮದವರು ಇದ್ದಾರೆ. ಡೆಬಿಟ್, ಕ್ರೆಡಿಟ್ ಅಂದ ಕೂಡಲೇ ಎರಡೂ ಕಡೆಯವರು ಬಾಯಿಪಾಠಕ್ಕೆ ಇಳಿಯುತ್ತಾರೆ. ಆದರೆ ಒಂದು ಸಂಜೆ ಕಿರಾಣಿ ಅಂಗಡಿಯಲ್ಲಿ ನಿಂತಾಗ ನನಗೆ ಹೊಳೆಯಿತು. ನಗದು, ಬಾಕಿ, ಜಮಾ, ಖರ್ಚು, ವಸೂಲಿ, ರಸೀದಿ, ಇವೆಲ್ಲ ನಮ್ಮ ಮನೆಯ ಮಾತೂ ಹೌದು, ಕನ್ನಡ ಅಂಗಡಿಯ ಮಾತೂ ಹೌದು. ಅಮ್ಮಿ ಶಾಲೆ ಕಲಿತದ್ದು ಕಡಿಮೆ, ಆದರೆ ಯಾರದ್ದು ಎಷ್ಟು ಬಾಕಿ, ಎಷ್ಟು ಜಮಾ ಅಂತ ತಪ್ಪದೆ ಹೇಳುತ್ತಾರೆ. ತಃಖ್ತೆ ಕೂಡ ನಮ್ಮ ತಖ್ತಾ ತಾನೇ? ಪಾಠವನ್ನು ಅಲ್ಲಿಂದಲೇ ಶುರು ಮಾಡಬಹುದಿತ್ತು.

ಎರಡನೇ ಸಲ ವಿಡಿಯೊ ಬಿಟ್ಟೆ. ದಿನಕ್ಕೆ ಒಂದು ಚಿತ್ರ, ಒಂದು ನಿಮಿಷದ ಧ್ವನಿ, ಒಂದು ಪ್ರಶ್ನೆ. ಧ್ವನಿ ಎರಡು ಸಲ, ಒಂದು ಕನ್ನಡ, ಒಂದು ನಮ್ಮ ದಖನಿ. ಗುರಿಯನ್ನೂ ತಿದ್ದಿದೆ. ಮೊದಲು "ತಃಖ್ತೆಯನ್ನು ಅರ್ಥ ಮಾಡಿಕೊಳ್ಳುವುದು" ಎಂದು ಬರೆದಿದ್ದೆ. ಅರ್ಥ ಆಯಿತೋ ಇಲ್ಲವೋ ನೋಡುವುದು ಹೇಗೆ? ಅದಕ್ಕೆ "ನಗದು ಪುಸ್ತಕಕ್ಕೂ ಪಾಸ್‌ಬುಕ್ಕಿಗೂ ವ್ಯತ್ಯಾಸ ಯಾಕೆ ಬಂತು ಎಂದು ಲೆಕ್ಕ ಮಾಡಿ ತೋರಿಸುವುದು" ಎಂದು ಬದಲಿಸಿದೆ. ಅಮೆರಿಕದ ವಿಗಿನ್ಸ್ ಮತ್ತು ಮೆಕ್‌ಟಾಯ್ ಎಂಬವರು 1998ರ ತಮ್ಮ ಪುಸ್ತಕದಲ್ಲಿ ಇದನ್ನೇ ಹೇಳಿದ್ದಾರೆ: ಕೊನೆಗೆ ಏನು ಮಾಡಲು ಬರಬೇಕೋ ಅದನ್ನು ಮೊದಲು ನಿಶ್ಚಯಿಸಿ ಹಿಂದಕ್ಕೆ ಬರಬೇಕು.

ಮೊದಲ ದಿನದ ಪ್ರಶ್ನೆ ಇದು. ನೀನು ಬ್ಯಾಂಕಿಗೆ 2,000 ರೂಪಾಯಿ ಕಟ್ಟಿದೆ. ನಿನ್ನ ಪುಸ್ತಕದಲ್ಲಿ ಬ್ಯಾಂಕ್ ಖಾತೆ ಡೆಬಿಟ್. ಪಾಸ್‌ಬುಕ್ಕಿನಲ್ಲಿ ಕ್ರೆಡಿಟ್. ಇಬ್ಬರಲ್ಲಿ ಸುಳ್ಳು ಹೇಳುವವರು ಯಾರು? ಯಾರೂ ಅಲ್ಲ. ನಿನಗೆ ಅದು ಬರಬೇಕಾದ ದುಡ್ಡು, ಬ್ಯಾಂಕಿಗೆ ಅದು ನಿನಗೆ ಕೊಡಬೇಕಾದ ದುಡ್ಡು. ಪಾಸ್‌ಬುಕ್ ನಿನ್ನ ಕೈಯಲ್ಲಿದ್ದರೂ ಅದರಲ್ಲಿ ಬರೆದದ್ದು ಬ್ಯಾಂಕಿನ ಲೆಕ್ಕ. ಅಂಗಡಿಯವನ ವಹಿಯಲ್ಲಿ ನಿನ್ನ ಹೆಸರಿನ ಪುಟ ಇರುತ್ತದಲ್ಲ, ಹಾಗೆ.

ಎರಡನೇ ದಿನದ್ದು: ನಗದು ಪುಸ್ತಕದ ಪ್ರಕಾರ ಬ್ಯಾಂಕಿನಲ್ಲಿ 8,000 ಇದೆ. ನೀನು ಕಲ್ಲಿನ ವ್ಯಾಪಾರಿಗೆ ಕೊಟ್ಟ 1,500ರ ಚೆಕ್ಕನ್ನು ಅವನು ಇನ್ನೂ ಬ್ಯಾಂಕಿಗೆ ಹಾಕಿಲ್ಲ. ಪಾಸ್‌ಬುಕ್ ಎಷ್ಟು ತೋರಿಸುತ್ತದೆ? 6,500 ಅಂದವರಿಗೆ ನಾನು ಬರೆದ ಉತ್ತರ: "ಚೆಕ್ ಬರೆದ ದಿನವೇ ನಿನ್ನ ಪುಸ್ತಕದಲ್ಲಿ ಕಳೆದಿದ್ದೀಯ, ಈಗ ಎರಡನೇ ಸಲ ಕಳೆದೆ." 8,000 ಅಂದವರಿಗೆ: "ನೀನು ಮನೆಯಲ್ಲಿ ಕೂತು ಚೆಕ್ ಬರೆದದ್ದು ಬ್ಯಾಂಕಿಗೆ ಹೇಗೆ ಗೊತ್ತಾಗುತ್ತದೆ?" ಸರಿ ಉತ್ತರ 9,500. ಈ ಮೂರು ಸಾಲು ಬರೆಯಲು ನನಗೆ ಒಂದು ಸಂಜೆ ಹಿಡಿಯಿತು, ಯಾಕೆಂದರೆ ಜನ ಯಾಕೆ ತಪ್ಪುತ್ತಾರೆ ಎಂದು ತಿಳಿಯಲು ಮೊದಲು ಅವರ ಹಳೆಯ ಉತ್ತರ ಪತ್ರಿಕೆಗಳನ್ನು ಕೇಳಿ ನೋಡಬೇಕಾಯಿತು. ಕೊಟ್ಟವರು ಕೆಲವರೇ. ಫೇಲಾದ ಪೇಪರನ್ನು ಯಾರು ತೋರಿಸುತ್ತಾರೆ? ಮೊದಲು ಕೊಟ್ಟವಳು ನನ್ನ ಗೆಳತಿ.

ಎಲ್ಲರೂ ಸೇರಿದರು ಎಂದು ಬರೆದರೆ ಸುಳ್ಳಾಗುತ್ತದೆ. ಗ್ಯಾರೇಜಿಗೆ ಹೋಗುವವನು ನಾಲ್ಕನೇ ದಿನ ಗುಂಪು ಬಿಟ್ಟ, ಮತ್ತೆ ಬರಲಿಲ್ಲ. ದಿನಾ ಉತ್ತರ ಕಳಿಸಿದವರು ಹನ್ನೊಂದು ಜನ. ಚರ್ಚೆ ಮಾಡಿ ಅಂದರೆ ಕ್ರಿಕೆಟ್ ಚರ್ಚೆ ಆಯಿತು. ನಮ್ಮ ಅಕೌಂಟೆನ್ಸಿ ಮೇಡಂ ಮಾತ್ರ ಒಂದು ದಿನ ನನ್ನ ಪ್ರಶ್ನೆಯನ್ನು ಬೋರ್ಡಿನ ಮೇಲೆ ಬರೆದು ಕ್ಲಾಸಿಗೇ ಕೇಳಿದರು, ನನಗೆ ಹೇಳದೆ.

ಆರನೇ ದಿನ ಬ್ಯಾಂಕ್ ಶುಲ್ಕದ ಪ್ರಶ್ನೆ ಹಾಕಿದೆ. ನಗದು ಪುಸ್ತಕದಲ್ಲಿ 8,000, ಬ್ಯಾಂಕು 118 ರೂಪಾಯಿ ಶುಲ್ಕ ಹಿಡಿದದ್ದನ್ನು ಪುಸ್ತಕದಲ್ಲಿ ಬರೆದಿಲ್ಲ, ಪಾಸ್‌ಬುಕ್ ಎಷ್ಟು? ರಾತ್ರಿ ಒಂಬತ್ತೂವರೆಗೆ ಉತ್ತರವನ್ನೂ ಹಾಕಿ ಮಲಗಲು ಹೊರಟಿದ್ದೆ. ಹತ್ತು ಗಂಟೆಗೆ ಮಾಮಿಯ ಫೋನಿನಿಂದ ಗೆಳತಿಯ ಧ್ವನಿ ಬಂತು. ಹಿಂದೆ ಯಾರೋ ಪಾತ್ರೆ ತಿಕ್ಕುತ್ತಿದ್ದ ಸದ್ದು.

"ಏ, ನೀ 8,118 ಅಂತ ಬರದಿ. ಬ್ಯಾಂಕಿನವ್ರು ಹಿಡ್ಕೊಂಡ ರೊಕ್ಕ ನೀ ಹ್ಯಾಂಗ ಕೂಡಸ್ತಿ? 7,882 ಆಗ್ತದ. ತಿದ್ದು ಲಗೂನ, ಉಳದವ್ರು ನೋಡೋದ್ರೊಳಗ."

ಆಪಾಗೆ ಕೇಳಿಸಿದೆ. ಆಮೇಲೆ ತಿದ್ದಿದೆ.