ಇತಿಹಾಸ ಓದುವ ಹುಡುಗ ಮತ್ತು ನಮ್ಮ ಮಸೀದಿಯ ಪೆಟ್ಟಿಗೆ

ಕಳೆದ ತಿಂಗಳ ಎರಡನೇ ಜುಮಾದಲ್ಲಿ ನಾವು ಅಮಾನತ್ತಿನ ಬಗ್ಗೆ ಖುತ್ಬಾ ಹೇಳಿದ್ದೆವು. ಅದರ ಸಾರಾಂಶವನ್ನಷ್ಟೇ ಬರೆದು ಕಳಿಸುವವರಿದ್ದೆವು. ಆದರೆ ನಮಾಜಿನ ನಂತರ ನಮ್ಮ ಅನಂತಪುರದ ಒಬ್ಬ ತಂದೆ ಮಗನನ್ನು ಕರೆದುಕೊಂಡು ಬಂದು ಕೇಳಿದರು: "ಹಜರತ್, ಇವ ಬಿಎ ಮುಗಿಸ್ಯಾನ್ರಿ. ಈಗ ಧಾರವಾಡಕ್ಕ ಹೋಗಿ ಇತಿಹಾಸದಾಗ ಎಂಎ ಮಾಡ್ತೀನಿ ಅಂತಾನ. ಹಳೇ ಕಲ್ಲು ಓದಿದ್ರ ಹೊಟ್ಟಿ ತುಂಬತೈತೇನ್ರಿ?"

ನಾವು ಕೂಡಲೇ ಉತ್ತರ ಕೊಡಲಿಲ್ಲ. ಹಳೇ ಕಲ್ಲಿನ ವಿಷಯದಲ್ಲಿ ತಪ್ಪು ಮಾಡಿದವರು ನಾವೇ. ಕೆಲ ವರ್ಷಗಳ ಹಿಂದೆ ಕಬರಸ್ತಾನದ ಗೋಡೆ ಕಟ್ಟಿಸುವಾಗ ಅಕ್ಷರವಿದ್ದ ಒಂದು ಕಲ್ಲು ಸಿಕ್ಕಿತ್ತು. ಚೆಂದ ಕಾಣಲಿ ಎಂದು ಅದಕ್ಕೆ ಹಸಿರು ಆಯಿಲ್ ಪೇಂಟ್ ಹಚ್ಚಿಸಿದೆವು. ಮುಂದಿನ ವರ್ಷ ಮತ್ತೊಂದು ಕೋಟ್. ಅಕ್ಷರಗಳ ಸಂದು ತುಂಬಿಹೋಯಿತು. ಈಗ ಮೇಲಿನ ಕಲ್ಮಾ ಮಾತ್ರ ಓದಲು ಬರುತ್ತದೆ. ಯಾರ ಕಬರು, ಯಾವ ಸನ್ ಎಂಬುದು ಬಣ್ಣದ ಕೆಳಗೆ ಉಳಿದಿದೆ. ಅಮಾನತ್ತಿನ ಖುತ್ಬಾ ಹೇಳುವಾಗ ಆ ಕಲ್ಲು ನಮ್ಮ ಕಣ್ಣ ಮುಂದಿತ್ತು.

ಈ ಹುಡುಗ ಕಲಿಯಬೇಕೆಂದಿರುವುದು ಬಾದಶಹರ ಪಟ್ಟಿಯನ್ನಲ್ಲ. ಶಾಸನ, ಹಳೇ ಕಾಗದ, ವಸ್ತುಸಂಗ್ರಹಾಲಯ, ಹಿರಿಯರ ನೆನಪು ಇವನ್ನೆಲ್ಲ ಕಾಪಾಡಿ, ಓದಿ, ಜನರ ಮುಂದಿಡುವ ಕೆಲಸಕ್ಕೆ ಈಗ ಸಾರ್ವಜನಿಕ ಇತಿಹಾಸ ಎನ್ನುತ್ತಾರೆ. ಬೆಂಗಳೂರಿನ ಸೃಷ್ಟಿ ಸಂಸ್ಥೆಯಲ್ಲಿ 2011ರಲ್ಲಿ ಇದಕ್ಕೆಂದೇ ಒಂದು ಕೇಂದ್ರ ಶುರುವಾಯಿತು. ನಮ್ಮ ಭಾಗದವರಿಗೆ ಹತ್ತಿರದ್ದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಇತಿಹಾಸ ಮತ್ತು ಪುರಾತತ್ವ ವಿಭಾಗ. ಅಲ್ಲಿಯೇ 1939ರಲ್ಲಿ ಆರಂಭವಾದ ಕನ್ನಡ ಸಂಶೋಧನಾ ಸಂಸ್ಥೆಯೂ ಅದರ ವಸ್ತುಸಂಗ್ರಹಾಲಯವೂ ಇವೆ. ಹೆಣ್ಣುಮಕ್ಕಳನ್ನು ದೂರ ಕಳಿಸಲು ಹಿಂಜರಿಯುವವರು ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ವಿಚಾರಿಸಬಹುದು.

ಮದ್ರಸಾದಲ್ಲಿ ಕಲಿತದ್ದು ಇಲ್ಲಿ ಹೇಗೆ ಉಪಯೋಗಕ್ಕೆ ಬರುತ್ತದೆ ನೋಡಿ. ಗೋಲಗುಮ್ಮಟಕ್ಕೆ ನಾವೆಲ್ಲ ಹೋಗಿದ್ದೇವೆ, ಮೇಲೆ ಹತ್ತಿ ಕೂಗಿ ಬಂದಿದ್ದೇವೆ. ಅದರ ದಕ್ಷಿಣ ಬಾಗಿಲಿನ ಮೇಲೆ ಫಾರ್ಸಿ ಬರಹವಿದೆ. ಅದರ ಅಕ್ಷರಗಳಿಗೆ ಅಬ್ಜದ್ ಲೆಕ್ಕದಲ್ಲಿ ಬೆಲೆ ಹಾಕಿ ಕೂಡಿಸಿದರೆ 1067 ಬರುತ್ತದೆ. ಅದು ಮುಹಮ್ಮದ್ ಆದಿಲ್‌ಶಾಹ ತೀರಿಕೊಂಡ ಹಿಜರಿ ವರ್ಷ, ಅಂದರೆ 1656. ನಮ್ಮವರು ಅಂಗಡಿ, ಟೆಂಪೋ ಮೇಲೆ 786 ಬರೆಸುವುದೂ ಇದೇ ಲೆಕ್ಕದಿಂದಲೇ. (ಬರೆಸಬೇಕೋ ಬೇಡವೋ ಎಂಬ ಮಸಲೆಗೆ ಇಲ್ಲಿ ಹೋಗುವುದಿಲ್ಲ.)

ಶಾಸನದ ಅಚ್ಚು ತೆಗೆಯುವುದೂ ಕೈಯಿಂದ ಕಲಿಯಬೇಕಾದ ಕಸಬು. ಕಲ್ಲನ್ನು ನೀರಿನಿಂದ ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್‌ನಿಂದ ಬಡಿದು ಕೂರಿಸಿ, ಮೇಲೆ ಮಸಿ ತಟ್ಟುತ್ತಾರೆ. ಕನ್ನಡ ಶಾಸನದಲ್ಲಿ ಅಕ್ಷರವನ್ನು ಕೊರೆದಿರುವುದರಿಂದ ಅದು ಬಿಳಿಯಾಗಿ ಉಳಿಯುತ್ತದೆ. ಫಾರ್ಸಿ ಶಾಸನದಲ್ಲಿ ಸಾಮಾನ್ಯವಾಗಿ ಅಕ್ಷರ ಉಬ್ಬಿರುವುದರಿಂದ ಅದು ಕಪ್ಪಾಗಿ ಮೂಡುತ್ತದೆ. ಎಂ. ನಾಜಿಂ ಎಂಬ ವಿದ್ವಾಂಸರು ವಿಜಯಪುರದ ಶಾಸನಗಳನ್ನು ಓದಿ ಸಿದ್ಧಪಡಿಸಿದ ಪುಸ್ತಕವನ್ನು ಪುರಾತತ್ವ ಇಲಾಖೆ 1936ರಲ್ಲಿ ಪ್ರಕಟಿಸಿತು. ಇಂದಿಗೂ ಓದುವವರು ಅದನ್ನೇ ತೆರೆಯಬೇಕು. ಆಸಾರ್ ಮಹಲಿನಲ್ಲಿದ್ದ ಹಸ್ತಪ್ರತಿಗಳಂತೂ 1853ರಲ್ಲಿ ಲಂಡನ್ ಸೇರಿದವು. ಆದಿಲ್‌ಶಾಹಿ ಕಾಲದ ಗ್ರಂಥಗಳನ್ನು ಕನ್ನಡಕ್ಕೆ ತರುವ ದೊಡ್ಡ ಕೆಲಸವನ್ನು ವಿಜಯಪುರದ ಬಿಎಲ್‌ಡಿಇ ಸಂಸ್ಥೆಯ ಫ. ಗು. ಹಳಕಟ್ಟಿ ಸಂಶೋಧನಾ ಕೇಂದ್ರ ಮಾಡಿತು. ಹಳಕಟ್ಟಿಯವರು ವಚನ ಸಾಹಿತ್ಯಕ್ಕೆ ಜೀವ ತೇದವರು. ಅವರ ಹೆಸರಿನ ಕೇಂದ್ರ ಈ ಕೆಲಸ ಕೈಗೆತ್ತಿಕೊಂಡದ್ದನ್ನು ನಾವು ಮನಸಾರೆ ನೆನೆಯಬೇಕು. ಮದ್ರಸಾಗಳವರಾದ ನಾವು ಇದರಲ್ಲಿ ಎಷ್ಟು ಕೈಜೋಡಿಸಿದ್ದೇವೆ?

ಇನ್ನು ಹೊಟ್ಟೆಯ ಪ್ರಶ್ನೆ. ಹುದ್ದೆಗಳು ಕಡಿಮೆ, ಕಾಯಬೇಕಾಗುತ್ತದೆ. ಇದನ್ನು ಆ ತಂದೆಗೆ ಮುಚ್ಚಿಡಲಿಲ್ಲ. ಆದರೆ ಭಾರತೀಯ ಪುರಾತತ್ವ ಇಲಾಖೆಗೆ ನಾಗಪುರದಲ್ಲಿ ಅರಬಿ-ಫಾರ್ಸಿ ಶಾಸನಗಳಿಗೆಂದೇ ಶಾಖೆ ಇದೆ. ಸಂಸ್ಕೃತ, ದ್ರಾವಿಡ ಭಾಷೆಗಳ ಶಾಖೆ ಮೈಸೂರಿನಲ್ಲಿದೆ. ಅದೇ ಇಲಾಖೆಯ ಗ್ರೇಟರ್ ನೋಯ್ಡಾ ಸಂಸ್ಥೆಯ ಎರಡು ವರ್ಷದ ಪುರಾತತ್ವ ಡಿಪ್ಲೊಮಾಕ್ಕೆ ಇತಿಹಾಸದಲ್ಲಿ ಎಂಎ ಮಾಡಿದವರಷ್ಟೇ ಅಲ್ಲ, ಅರಬಿ ಅಥವಾ ಫಾರ್ಸಿಯಲ್ಲಿ ಎಂಎ ಮಾಡಿದವರೂ ಅರ್ಜಿ ಹಾಕಬಹುದು. ನಮ್ಮಲ್ಲಿ ಎಷ್ಟು ಜನರಿಗೆ ಇದು ಗೊತ್ತಿತ್ತು? ನಮಗಂತೂ ಗೊತ್ತಿರಲಿಲ್ಲ, ಹುಡುಗನೇ ಹೇಳಿದ.

ಅನುಭವ ಎಲ್ಲಿ ಸಿಗುತ್ತದೆ ಎಂದು ಅವನು ಕೇಳಿದ. ಊರಲ್ಲೇ ಶುರು ಮಾಡು ಎಂದೆವು. ನಮ್ಮ ಮಸೀದಿಯಲ್ಲಿ ಒಂದು ಕಬ್ಬಿಣದ ಪೆಟ್ಟಿಗೆ ಇದೆ. ಅದರಲ್ಲಿ ಉರ್ದು ರಸೀದಿಗಳಿವೆ, ಯಾರಿಗೂ ಓದಲು ಬಾರದ ಮೋಡಿ ಲಿಪಿಯ ಕಾಗದಗಳೂ ಇವೆ. ನಮ್ಮ ಸೀಮೆ 1956ರವರೆಗೆ ಮುಂಬೈ ಆಡಳಿತದಲ್ಲಿತ್ತಲ್ಲ! ಅಂಥ ಕಾಗದದ ಬೆಲೆ ತಿಳಿಯಬೇಕಾದರೆ 1852ರ ಇನಾಂ ಕಮಿಷನ್ ನೆನೆಯಿರಿ. ಮುಂಬೈ ಪ್ರಾಂತ್ಯದಲ್ಲಿ ಇಂಗ್ಲಿಷರು ಇನಾಂ ಭೂಮಿಯವರಿಗೆಲ್ಲ ಸನದು ತೋರಿಸಿ ಎಂದರು. ತೋರಿಸಲಾಗದ ಬಹಳ ಜನ ಭೂಮಿ ಕಳೆದುಕೊಂಡರು. ಇವತ್ತು ವಕ್ಫ್ ಜಾಗದ ದಾಖಲೆ ಕೇಳಿದಾಗ ಮುತವಲ್ಲಿಗಳು ಓಡಾಡುವುದನ್ನು ನೋಡಿದರೆ ನಾವು ಹೆಚ್ಚೇನೂ ಕಲಿತಂತೆ ಕಾಣುವುದಿಲ್ಲ.

ಹಿರಿಯರ ಮಾತನ್ನೂ ಮೊಬೈಲಿನಲ್ಲಿ ರೆಕಾರ್ಡ್ ಮಾಡಬೇಕು. ಹೇಳಿದವರ ಹೆಸರು, ತಾರೀಖು, ಅವರು ಅದನ್ನು ಯಾರಿಂದ ಕೇಳಿದರು ಎಂಬುದನ್ನು ಮೊದಲೇ ಬರೆದುಕೊಳ್ಳಬೇಕು. ಹದೀಸ್ ಸಂಗ್ರಹಿಸಿದ ಇಮಾಮರು ಸನದಿಲ್ಲದ ಮಾತನ್ನು ಸುಮ್ಮನೆ ಒಪ್ಪುತ್ತಿರಲಿಲ್ಲ. ವಿಶ್ವವಿದ್ಯಾಲಯದಲ್ಲಿ ಮೌಖಿಕ ಇತಿಹಾಸಕ್ಕೂ ಇದೇ ಶಿಸ್ತು ಕಲಿಸುತ್ತಾರೆ. ಹೇಳಿದವರ ಒಪ್ಪಿಗೆ ಇಲ್ಲದೆ ಅದನ್ನು ಯಾರಿಗೂ ಕೇಳಿಸಬಾರದು, ಸ್ಟೇಟಸ್‌ನಲ್ಲಂತೂ ಹಾಕಲೇಬಾರದು.

ಹುಡುಗ ಅರ್ಜಿ ತುಂಬಿದ್ದಾನೆ. ತಂದೆ "ಒಂದ ವರ್ಷ ನೋಡೋಣ್ರಿ" ಎಂದಿದ್ದಾರೆ.

ಈ ಸಂಚಿಕೆ ಕೈಸೇರಿದ ನಂತರದ ಮೊದಲ ರವಿವಾರ ಅಸರ್ ನಮಾಜಿನ ಬಳಿಕ ಜಮಾತಿನ ಎದುರು ಪೆಟ್ಟಿಗೆ ತೆರೆಯುತ್ತೇವೆ. ಒಂದೊಂದು ಕಾಗದಕ್ಕೂ ನಂಬರ್ ಹಾಕಿ, ಫೋಟೋ ತೆಗೆದು, ವಹಿಯಲ್ಲಿ ಬರೆಯುವುದು ಹುಡುಗನ ಕೆಲಸ. ಮೋಡಿ ಓದಬಲ್ಲ ಹಿರಿಯರು ಯಾವ ಸಮಾಜದವರಾದರೂ ಸರಿ, ದಯವಿಟ್ಟು ಬನ್ನಿರಿ. ಕಾಗದಕ್ಕೆ ಲ್ಯಾಮಿನೇಶನ್ ಮಾಡಿಸುವ ಮಾತು ಮಾತ್ರ ಯಾರೂ ಎತ್ತಬಾರದು. ಹಸಿರು ಬಣ್ಣದ ಕಲ್ಲಿಗೆ ಈಗ ಏನು ಮಾಡಬಹುದು ಎಂದು ಧಾರವಾಡದಲ್ಲಿ ಬಲ್ಲವರನ್ನು ಕೇಳಿಬರಲು ಹುಡುಗನಿಗೆ ಹೇಳಿದ್ದೇವೆ. ಅಲ್ಲಿಯವರೆಗೆ ಅದನ್ನು ಯಾರೂ ಕೆರೆಯಬೇಡಿ.