ಪರದೆಯ ಗುರು, ಮನೆಯ ಶಿಷ್ಯೆ

ಬೆಳಗಿನ ಐದೂವರೆ ಗಂಟೆಯ ಹೊತ್ತು. ಹುಮನಾಬಾದಿನ ಒಂದು ಸಾಧಾರಣ ಮನೆಯನ್ನು ಕಲ್ಪಿಸಿಕೊಳ್ಳೋಣ. ಶಹಾಬಾದಿ ಫರಸಿಯ ನೆಲದ ಮೇಲೆ ಜಮಖಾನೆ ಹಾಸಿದೆ. ಪಕ್ಕದ ಸ್ಟೂಲಿನ ಮೇಲೆ, ನೀರಿನ ತಂಬಿಗೆಗೆ ಒರಗಿಸಿ ನಿಲ್ಲಿಸಿದ ಮೊಬೈಲ್ ಫೋನು. ಅದರ ಅಂಗೈಯಗಲದ ಪರದೆಯಲ್ಲಿ ತರುಣನೊಬ್ಬ ಕಡಲತೀರದಲ್ಲಿ ನಗುನಗುತ್ತ ಸರ್ವಾಂಗಾಸನವನ್ನು ತೋರಿಸುತ್ತಿದ್ದಾನೆ. ಜಮಖಾನೆಯ ಮೇಲೆ, ಐವತ್ತನ್ನು ದಾಟಿದ ಗೃಹಿಣಿಯೊಬ್ಬರು ಸೊಂಟಕ್ಕೆ ಎರಡೂ ಕೈಗಳ ಆಸರೆ ಕೊಟ್ಟು ಕಾಲುಗಳನ್ನು ಮೇಲಕ್ಕೆತ್ತಿದ್ದಾರೆ. "ಈಗ ಹೀಗೆ ಮಾಡಿ" ಎಂದು ತರುಣ ನುಡಿಯುತ್ತಾನೆ. "ಹೀಗೆ" ಎಂದರೆ ಹೇಗೆಂದು ತಿಳಿಯಲು ಆಕೆ ಪರದೆಯ ಕಡೆಗೆ ಕತ್ತು ಹೊರಳಿಸಹೊರಡುತ್ತಾರೆ. ಇಡೀ ದೇಹದ ಭಾರ ಹೆಗಲು ಕತ್ತುಗಳ ಮೇಲಿರುವ ಗಳಿಗೆ ಅದು. ಅಡುಗೆಮನೆಯ ಬಾಗಿಲಿನಿಂದ ಸೊಸೆ ಕೂಗುತ್ತಾಳೆ: "ಅತ್ತೀ, ಕುತ್ತಿಗಿ ತಿರುಗಸಬ್ಯಾಡ್ರಿ! ಅಂವಾ ಏನ್ ಮಾಡ್ತಾನ, ನಾ ನೋಡಿ ಹೇಳ್ತೀನಿ."

ಸೊಸೆಯ ಆ ಮಾತು ವಿಡಿಯೋದಲ್ಲಿರಲಿಲ್ಲ. ಇರುವುದು ಶಕ್ಯವೂ ಅಲ್ಲ. ಪರದೆಯ ಗುರುವಿಗೆ ಬಾಯಿ ಉಂಟು, ಕೈಕಾಲುಗಳುಂಟು. ಕಣ್ಣು ಮಾತ್ರ ಇಲ್ಲ. ಶಿಷ್ಯೆಯ ಮೊಣಕಾಲು ನಡುಗಿದ್ದು, ಮುಖ ಕೆಂಪೇರಿದ್ದು, ಉಸಿರು ಕಟ್ಟಿದ್ದು ಅವನಿಗೆ ಕಾಣುವುದಿಲ್ಲ. ವಿಡಿಯೋ ನೋಡಿ ಹಠಯೋಗ ಕಲಿಯುವವರ ಅಪಾಯಗಳೆಲ್ಲ ಬಹುಮಟ್ಟಿಗೆ ಈ ಒಂದು ಕೊರತೆಯಿಂದಲೇ ಹುಟ್ಟತಕ್ಕವು.

ಹಾಗೆಂದು ವಿಡಿಯೋವನ್ನು ಹಳಿದು ಸುಮ್ಮನಾಗುವುದು ನ್ಯಾಯವಲ್ಲ. ಬೆಂಗಳೂರು, ಮೈಸೂರುಗಳಲ್ಲಿರುವಷ್ಟು ಯೋಗಶಾಲೆಗಳು ಹುಮನಾಬಾದು, ಬಸವಕಲ್ಯಾಣಗಳಂತಹ ತಾಲ್ಲೂಕು ಪಟ್ಟಣಗಳಲ್ಲಿ ಎಲ್ಲಿಂದ ಬರಬೇಕು? ಇದ್ದರೂ ಹಾಲು, ನೀರು, ಮಕ್ಕಳ ಡಬ್ಬಿ ಎಂದು ಬೆಳಗಿನ ಹೊತ್ತೆಲ್ಲ ಒಲೆಯ ಮುಂದೆ ಕಳೆಯುವ ಗೃಹಿಣಿಗೆ ಮನೆ ಬಿಟ್ಟು ಹೊರಡುವ ಸೌಕರ್ಯ ಎಲ್ಲಿದೆ? ೨೦೧೪ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆ ಜೂನ್ ೨೧ನ್ನು ಯೋಗದಿನವೆಂದು ಸಾರಿದ ಮೇಲೆ ಊರೂರುಗಳಲ್ಲಿ ಉತ್ಸಾಹ ಮೂಡಿತು; ೨೦೨೦ರ ಕೊರೋನಾ ಕಾಲದಲ್ಲಿ ಮನೆಯ ಬಾಗಿಲು ಮುಚ್ಚಿದಾಗ ಆ ಉತ್ಸಾಹವೆಲ್ಲ ಫೋನಿನೊಳಕ್ಕೆ ಬಂದು ಸೇರಿತು. ಅಲ್ಲಿಂದ ಅದು ಹೊರಗೆ ಹೋಗಿಲ್ಲ.

ಪರದೆ ನೋಡಿ ಕಲಿಯುವುದು ಈ ಸೀಮೆಗೆ ಹೊಸದೂ ಅಲ್ಲ. ೧೯೭೫ರ ಆಗಸ್ಟಿನಿಂದ ಒಂದು ವರ್ಷ ಕಾಲ ಉಪಗ್ರಹದ ಮೂಲಕ ದೂರದರ್ಶನ ಪಾಠಗಳನ್ನು ಬಿತ್ತರಿಸುವ 'ಸೈಟ್' ಪ್ರಯೋಗ ನಡೆದಾಗ, ಆರು ರಾಜ್ಯಗಳ ಸುಮಾರು ೨೪೦೦ ಹಳ್ಳಿಗಳಲ್ಲಿ ಬೀದರಿನ ನೆರೆಯ ಗುಲಬರ್ಗಾ ಜಿಲ್ಲೆಯ ಹಳ್ಳಿಗಳೂ ಇದ್ದವು. ಆರೋಗ್ಯ, ಒಕ್ಕಲುತನಗಳ ಪಾಠಗಳು ಆಕಾಶದಿಂದಿಳಿದು ಬಂದುವು. ಆದರೆ ಅಂದಿನ ಪೆಟ್ಟಿಗೆ ಒಬ್ಬರ ಸೊತ್ತಾಗಿರಲಿಲ್ಲ. ಊರಿಗೊಂದು ಪೆಟ್ಟಿಗೆ, ಅದರ ಮುಂದೆ ಹತ್ತಾರು ಜನ. ಒಬ್ಬನಿಗೆ ತಿಳಿಯದ್ದನ್ನು ಮತ್ತೊಬ್ಬ ತಿಳಿಸಬಹುದಾಗಿತ್ತು. ಇಂದಿನ ಫೋನಿನ ಮುಂದೆ ಕಲಿಯುವವರು ಒಬ್ಬರೇ.

ಯೋಗಾಸನಕ್ಕೂ ಚಲಚ್ಚಿತ್ರಕ್ಕೂ ನಂಟು ಬೆಳೆದುದು ಇನ್ನೂ ಹಿಂದೆ, ಅದೂ ಕನ್ನಡನಾಡಿನವರಿಂದಲೇ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಯೋಗಶಾಲೆ ನಡೆಸಿದ ತಿರುಮಲೈ ಕೃಷ್ಣಮಾಚಾರ್ಯರು ೧೯೩೪ರಲ್ಲಿಯೇ 'ಯೋಗ ಮಕರಂದ'ವನ್ನು ಕನ್ನಡದಲ್ಲಿ, ಚಿತ್ರಗಳ ಸಹಿತ ಹೊರತಂದರು. ೧೯೩೮ರಲ್ಲಿ ಅವರನ್ನೂ ಅವರ ಕುಟುಂಬದವರನ್ನೂ ಶಿಷ್ಯ ಬಿ. ಕೆ. ಎಸ್. ಅಯ್ಯಂಗಾರರನ್ನೂ ಕುರಿತು ಒಂದು ಚಿತ್ರವನ್ನು ತೆಗೆಯಲಾಯಿತು. ಇಂದು ಅದನ್ನು ಯಾರು ಬೇಕಾದರೂ ಫೋನಿನಲ್ಲಿ ನೋಡಬಹುದು. ಇಪ್ಪತ್ತು ತುಂಬದ ತರುಣನ ಮೈ ಬಳ್ಳಿಯಂತೆ ಬಾಗುತ್ತದೆ, ಬಿಲ್ಲಿನಂತೆ ಚಿಮ್ಮುತ್ತದೆ. ನೋಡುವವರಿಗೆ ಕಣ್ಣು ಸಾಲದು. ಆದರೆ ಅದು ಮೂಕಿ ಚಿತ್ರ. ಉಸಿರನ್ನು ಯಾವಾಗ ಒಳಗೆಳೆಯಬೇಕು, ಎಲ್ಲಿಗೆ ನಿಲ್ಲಿಸಬೇಕು, ಯಾರು ಮಾಡಲೇಬಾರದು ಎಂಬ ಯಾವ ಮಾತೂ ಅದರಲ್ಲಿಲ್ಲ. ಅದು ಪ್ರದರ್ಶನ, ಪಾಠವಲ್ಲ. ಇಂದಿನ ವಿಡಿಯೋಗಳಲ್ಲಿ ಮಾತು, ಸಂಗೀತ, ಬಣ್ಣಗಳೆಲ್ಲ ಸೇರಿವೆ. ಆದರೂ ಬಹುಪಾಲು ಪ್ರದರ್ಶನವಾಗಿಯೇ ಉಳಿದಿವೆ.

ಪ್ರದರ್ಶನಕ್ಕೆ ತೆರಬೇಕಾದ ಬೆಲೆ ಏನೆಂಬುದನ್ನು ಅದೇ ಅಯ್ಯಂಗಾರರು ಬಲ್ಲರು. ಕೋಲಾರ ಸೀಮೆಯ ಬೆಳ್ಳೂರಿನಲ್ಲಿ ೧೯೧೮ರಲ್ಲಿ ಹುಟ್ಟಿ, ಬಾಲ್ಯವೆಲ್ಲ ರೋಗಗಳಲ್ಲಿ ನರಳಿ, ಯೋಗದಿಂದಲೇ ಮೈ ತಿದ್ದಿಕೊಂಡವರು ಅವರು. ಆದರೆ ಎಳೆಯ ವಯಸ್ಸಿನಲ್ಲಿ ಗುರುವಿನ ಅಪ್ಪಣೆಯಂತೆ, ಸಿದ್ಧತೆಯಿಲ್ಲದೆ, ಸಭೆಯ ಮುಂದೆ ಹನುಮಾನಾಸನ ಮಾಡಲು ಹೋಗಿ ತೊಡೆಯ ಹಿಂಭಾಗದ ಸ್ನಾಯು ಹರಿದು ಬಹುಕಾಲ ನಡೆಯಲು ಕಷ್ಟಪಟ್ಟುದನ್ನು ಅವರೇ ಹೇಳಿಕೊಂಡಿದ್ದಾರೆ. ಗುರು ಎದುರಿಗಿದ್ದಾಗಲೇ ಹೀಗಾದರೆ, ಗುರುವಿನ ನೆರಳು ಮಾತ್ರವಿರುವ ಕಡೆ ಎಚ್ಚರ ಎಷ್ಟಿರಬೇಕು! ಮುಂದೆ ಪುಣೆಯಲ್ಲಿ ನೆಲೆಸಿದ ಅಯ್ಯಂಗಾರರು ಪಟ್ಟಿ, ಮರದ ದಿಮ್ಮಿ, ಹಗ್ಗ, ಕುರ್ಚಿಗಳ ಆಸರೆಯಿಂದ, ಬಾಗದ ಮೈಗೂ ಆಸನವನ್ನು ಒಗ್ಗಿಸುವ ಕ್ರಮವನ್ನು ರೂಢಿಗೆ ತಂದರು. ೨೦೧೪ರಲ್ಲಿ ತೀರಿಕೊಳ್ಳುವವರೆಗೂ ಆ ಕ್ರಮವನ್ನು ತಿದ್ದುತ್ತಲೇ ಇದ್ದರು. ಮನೆಯಲ್ಲಿ ಕಲಿಯುವವರಿಗೆ ಇದು ದೊಡ್ಡ ವರ. ಪೇಟೆಯಿಂದ ಏನನ್ನೂ ಕೊಂಡು ತರಬೇಕಾಗಿಲ್ಲ. ಹಳೆಯ ಪಂಚೆಯ ಅಂಚು ಪಟ್ಟಿಯಾಗುತ್ತದೆ. ಬಟ್ಟೆ ಸುತ್ತಿದ ಇಟ್ಟಿಗೆ ದಿಮ್ಮಿಯಾಗುತ್ತದೆ. ಗೋಡೆಗೊತ್ತಿಟ್ಟ ಗಟ್ಟಿ ಕುರ್ಚಿ ಮೂರನೆಯ ಕಾಲಾಗುತ್ತದೆ. ಕುಳಿತು ಮುಂದೆ ಬಾಗುವಾಗ ಬೆರಳು ಪಾದಕ್ಕೆ ಮುಟ್ಟದಿದ್ದರೆ ಪಾದಕ್ಕೆ ಪಟ್ಟಿ ಹಾಕಿ ಹಿಡಿದುಕೊಳ್ಳಬಹುದು. ಬೆನ್ನನ್ನು ಗೂನು ಮಾಡಿ ಹೇಗಾದರೂ ಪಾದ ಮುಟ್ಟಲೇಬೇಕೆಂಬ ಹಠವೇನೂ ಹಠಯೋಗವಲ್ಲ.

ಹಠವೆಂಬ ಮಾತು ಬಂದಾಗ ಬಸವಕಲ್ಯಾಣವನ್ನು ನೆನೆಯದಿರಲಾಗದು. ಹುಮನಾಬಾದಿನಿಂದ ಪಶ್ಚಿಮಕ್ಕೆ ಸುಮಾರು ೩೦ ಕಿಲೋಮೀಟರು ದೂರದ ಆ ಊರಿನಲ್ಲಿ, ಹನ್ನೆರಡನೆಯ ಶತಮಾನದ ಅನುಭವ ಮಂಟಪದ ಶೂನ್ಯ ಪೀಠದಲ್ಲಿ ಕುಳಿತವನು ಅಲ್ಲಮಪ್ರಭು. ಅವನೂ ನಾಥಯೋಗಿ ಗೋರಕ್ಷನೂ ಎದುರಾದ ಕಥೆ 'ಶೂನ್ಯಸಂಪಾದನೆ'ಯಲ್ಲಿದೆ. ಗೋರಕ್ಷನದು ಸಾಧನೆಯಿಂದ ವಜ್ರವಾದ ದೇಹ. ಅಲ್ಲಮ ಕತ್ತಿಯಿಂದ ಹೊಡೆದರೆ ಖಣಿಲೆಂದು ಸದ್ದಾಯಿತೇ ಹೊರತು ಕೂದಲೂ ಕೊಂಕಲಿಲ್ಲ. ಅದೇ ಕತ್ತಿಯನ್ನು ಗೋರಕ್ಷ ಅಲ್ಲಮನ ಮೇಲೆ ಬೀಸಿದಾಗ ಅದು ಬಯಲಿನಲ್ಲಿ ಹಾದಂತೆ ಹಾದುಹೋಯಿತು. ದೇಹವನ್ನು ಕಲ್ಲು ಮಾಡಿಕೊಳ್ಳುವುದೇ ಸಿದ್ಧಿಯಲ್ಲವೆಂದು ಗೋರಕ್ಷನಿಗೆ ಆಗ ಅರಿವಾಯಿತಂತೆ. ಸ್ವಾರಸ್ಯವೆಂದರೆ, ಹದಿನೈದನೆಯ ಶತಮಾನದ ಸುಮಾರಿಗೆ ಸ್ವಾತ್ಮಾರಾಮನು ರಚಿಸಿದ 'ಹಠಯೋಗ ಪ್ರದೀಪಿಕೆ'ಯ ಆರಂಭದಲ್ಲಿ ಬರುವ ಮಹಾಸಿದ್ಧರ ಪಟ್ಟಿಯಲ್ಲಿ ಗೋರಕ್ಷನೊಡನೆ ಅಲ್ಲಮ ಪ್ರಭುದೇವನ ಹೆಸರೂ ಇದೆ. ಹಠಯೋಗವನ್ನು ಟೀಕಿಸಿದ ಕಲ್ಯಾಣದ ಶರಣನೇ ಹಠಯೋಗದ ಹಿರಿಯರ ಸಾಲಿನಲ್ಲಿ ಕುಳಿತಿದ್ದಾನೆ!

ಅದೇ ಗ್ರಂಥ ಪ್ರಾಣಾಯಾಮದ ವಿಷಯದಲ್ಲಿ ಕಟುವಾಗಿ ಎಚ್ಚರಿಸುತ್ತದೆ. ಸಿಂಹ, ಆನೆ, ಹುಲಿಗಳನ್ನು ಪಳಗಿಸುವಂತೆ ಉಸಿರನ್ನು ಮೆಲ್ಲಮೆಲ್ಲನೆ ಪಳಗಿಸಬೇಕು. ಆತುರಪಟ್ಟರೆ ಅದು ಸಾಧಕನನ್ನೇ ಕೊಲ್ಲುತ್ತದೆ ಎಂಬುದು ಅದರ ಅಭಿಪ್ರಾಯ. ಫೋನಿನೊಳಗೆ 'ಹದಿನೈದೇ ದಿನಗಳಲ್ಲಿ ಹೊಟ್ಟೆ ಕರಗಿಸಿ' ಎಂದು ರಭಸದಿಂದ ಕಪಾಲಭಾತಿ ಮಾಡಿಸುವವರು ಈ ಮಾತನ್ನು ಓದಿದಂತೆ ಕಾಣುವುದಿಲ್ಲ. ರಕ್ತದೊತ್ತಡವಿರುವವರು, ಹೃದ್ರೋಗಿಗಳು, ಹರ್ನಿಯಾ ಇರುವವರು, ಗರ್ಭಿಣಿಯರು ಕಪಾಲಭಾತಿಯ ಗೊಡವೆಗೆ ಹೋಗಬಾರದು. ಉಸಿರನ್ನು ತಡೆಹಿಡಿಯುವ ಕುಂಭಕವಂತೂ ಪರದೆ ನೋಡಿ ಕಲಿಯುವ ವಿದ್ಯೆಯೇ ಅಲ್ಲ. ಒಂದು ಹೊಳ್ಳೆಯಿಂದ ಎಳೆದು ಇನ್ನೊಂದರಿಂದ ಬಿಡುವ, ತಡೆಯಿಲ್ಲದ ನಿಧಾನದ ಉಸಿರಾಟ ಮನೆಗೆ ಸಾಕು.

ಆಸನಗಳಲ್ಲಿ ತಲೆಕೆಳಗಾಗುವುವು ಎಲ್ಲಕ್ಕಿಂತ ಅಪಾಯಕಾರಿ. ಶೀರ್ಷಾಸನ, ಸರ್ವಾಂಗಾಸನ, ಹಲಾಸನಗಳಲ್ಲಿ ಭಾರ ಕತ್ತಿನ ಮೇಲೆ ಬೀಳುತ್ತದೆ. ಕಣ್ಣಿನೊಳಗಿನ ಒತ್ತಡವೂ ಏರುತ್ತದೆ. ಗ್ಲಾಕೋಮಾ ಇರುವವರಿಗೆ, ಏರಿದ ರಕ್ತದೊತ್ತಡದವರಿಗೆ, ಕತ್ತಿನ ಎಲುಬಿನ ತೊಂದರೆಯವರಿಗೆ ಇವು ಸಲ್ಲವು. ಡಿಸ್ಕು ಸರಿದವರೂ, ಮೂಳೆ ಟೊಳ್ಳಾದ ವೃದ್ಧರೂ ಮುಂದಕ್ಕೆ ಬಲವಾಗಿ ಬಾಗುವ ಆಸನಗಳನ್ನು ದೂರವಿಡಬೇಕು. ನಿರಪಾಯವೆಂದು ಎಲ್ಲರೂ ನಂಬಿರುವ ವಜ್ರಾಸನಕ್ಕೂ ಮಿತಿಯುಂಟು. ೧೯೭೧ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದು, ದಿನವೂ ಬಹಳ ಹೊತ್ತು ವಜ್ರಾಸನದಲ್ಲಿ ಕುಳಿತ ಯುವಕನೊಬ್ಬನಿಗೆ ನರ ಒತ್ತಿ, ಪಾದವನ್ನು ಮೇಲೆತ್ತುವ ಶಕ್ತಿಯೇ ಕುಂದಿದ ಪ್ರಸಂಗವನ್ನು ವರದಿ ಮಾಡಿತು. ಊಟದ ನಂತರ ಐದು ಹತ್ತು ನಿಮಿಷ ಕುಳಿತವರು ಹೆದರಬೇಕಾಗಿಲ್ಲ. ಕಾಲು ಜೋಮು ಹಿಡಿದರೂ ಏಳದವರು ಹೆದರಬೇಕು.

ಹಾಗಾದರೆ ವಿಡಿಯೋವನ್ನು ಬಳಸುವ ಬಗೆ ಯಾವುದು? ಮೊದಲನೆಯ ದಿನ ಜಮಖಾನೆ ಹಾಸಲೇಬೇಡಿ. ಕುರ್ಚಿಯಲ್ಲಿ ಕುಳಿತು, ಕಥೆ ಓದುವಂತೆ, ಪಾಠವನ್ನು ಆದಿಯಿಂದ ಅಂತ್ಯದವರೆಗೆ ನೋಡಿ. ಆಸನಕ್ಕೆ ಹೋಗುವುದನ್ನು ಮಾತ್ರ ತೋರಿಸಿ, ಹಿಂತಿರುಗುವುದನ್ನು ಕತ್ತರಿಸಿಬಿಟ್ಟ ವಿಡಿಯೋಗಳು ಎಷ್ಟೋ ಇವೆ. ಅಂಥವನ್ನು ಅಲ್ಲಿಗೇ ಬಿಡಿ. ಏರುವುದಕ್ಕಿಂತ ಇಳಿಯುವಾಗಲೇ ಸೊಂಟ ಹಿಡಿದುಕೊಳ್ಳುವುದು ಹೆಚ್ಚು. ಯಾರು ಮಾಡಬಾರದೆಂಬುದನ್ನು ಮೊದಲು ಹೇಳುವ ಗುರುವನ್ನು ಆರಿಸಿಕೊಳ್ಳಿ. ಭಾಷೆಯೂ ಮುಖ್ಯ. ಗಡಿನಾಡಿನ ಈ ಊರುಗಳಲ್ಲಿ ಕನ್ನಡದೊಡನೆ ಮರಾಠಿ, ಉರ್ದು, ಹಿಂದಿಗಳೂ ಕಿವಿಗೆ ಒಗ್ಗಿವೆಯಾದರೂ, ಕಾಲು ಮೇಲಿರುವಾಗ ಅರ್ಥವನ್ನು ಯೋಚಿಸುತ್ತ ಕೂಡಲಾಗದು. ಗುರುವಿನ ಬಲಗೈ ಕನ್ನಡಿಯಲ್ಲಿ ಕಂಡಂತೆ ನಮ್ಮ ಎಡಕ್ಕೆ ಬರುವ ಗೊಂದಲ ಬೇರೆ.

ಎರಡನೆಯ ದಿನದಿಂದ ಮನೆಯವರೊಬ್ಬರು ಪಕ್ಕದಲ್ಲಿರಲಿ. ಸೊಸೆಯಾಗಲಿ, ಮಗನಾಗಲಿ, ಶಾಲೆಗೆ ಹೋಗುವ ಮೊಮ್ಮಗಳೇ ಆಗಲಿ. ಅವರು ಯೋಗ ಬಲ್ಲವರಾಗಬೇಕಿಲ್ಲ. ಮೂರು ಸಂಗತಿ ನೋಡಿದರೆ ಸಾಕು. ಮಾಡುವವರ ಮುಖ ಬಿಗಿದಿದೆಯೆ? ಉಸಿರು ನಿಂತಿದೆಯೆ? ಕೈಕಾಲು ನಡುಗುತ್ತಿದೆಯೆ? ಯಾವುದೊಂದು ಕಂಡರೂ "ಸಾಕು" ಎನ್ನತಕ್ಕದ್ದು. ನೆಲಕ್ಕೆ ಬೆನ್ನು ತಾಗಿಸಿ ಮಾಡುವ ಯಾವ ಆಸನದಲ್ಲಿಯೂ ಮಾಡುವವರು ಪರದೆಯನ್ನು ನೋಡಬಾರದು. ನೋಡುವ ಕೆಲಸ ಪಕ್ಕದವರದು, ಕೇಳುವ ಕೆಲಸ ಮಾಡುವವರದು. ಮನೆಯಲ್ಲಿ ಬೇರೆ ಯಾರೂ ಇಲ್ಲದಿದ್ದರೆ ನಿಂತು, ಕುಳಿತು ಮಾಡುವ ಸುಲಭ ಆಸನಗಳಿಗಷ್ಟೇ ಮಿತಿಗೊಳಿಸಿಕೊಳ್ಳುವುದು ಲೇಸು: ತಾಡಾಸನ, ಗೋಡೆ ಹಿಡಿದು ವೃಕ್ಷಾಸನ, ಕುರ್ಚಿಯ ಮೇಲೆ ಕುಳಿತು ಮೆಲ್ಲನೆ ಬೆನ್ನು ತಿರುಗಿಸುವುದು. ಫರಸಿಯ ನೆಲ ಕಠಿಣ. ಮೊಣಕಾಲಿನಡಿ ಮಡಿಸಿದ ಕಂಬಳಿ ಇರಲಿ. ಏಪ್ರಿಲ್ ಮೇ ತಿಂಗಳಲ್ಲಿ ಬೀದರ್ ಸೀಮೆಯ ಬಿಸಿಲು ಏರುವ ಮುನ್ನವೇ ಅಭ್ಯಾಸ ಮುಗಿಯಲಿ. ರೊಟ್ಟಿಯೂಟ ಮಾಡಿ ಮೂರು ನಾಲ್ಕು ಗಂಟೆ ಕಳೆಯದೆ ಜಮಖಾನೆಯ ಮೇಲೆ ಬರಬಾರದು.

ಸ್ನಾಯು ಎಳೆದಂತಾಗುವುದು ಸಹಜ. ಆದರೆ ಕೀಲಿನಲ್ಲಿ ಚುಚ್ಚಿದಂತಾದರೆ, ಕೈಕಾಲಿಗೆ ಜೋಮು ಇಳಿದರೆ, ತಲೆ ಸುತ್ತಿದರೆ ಆಸನವನ್ನು ಮೆಲ್ಲಗೆ ಬಿಡಬೇಕು. ಮರುದಿನವೂ ಉಳಿದರೆ ವೈದ್ಯರಿಗೆ ತೋರಿಸಬೇಕು. ಎದೆ ನೋವೋ, ಮಾತಿನ ತೊದಲೋ ಕಂಡುಬಂದರೆ ಮರುದಿನದವರೆಗೆ ಕಾಯುವಂತಿಲ್ಲ. ತಡಮಾಡದೆ ಆಸ್ಪತ್ರೆಗೆ ಧಾವಿಸಬೇಕು. ಮಾತ್ರೆ ನುಂಗುವವರು ಯೋಗ ಆರಂಭಿಸಿದೆವೆಂದು ತಾವಾಗಿಯೇ ಮಾತ್ರೆ ನಿಲ್ಲಿಸುವ ಸಾಹಸಕ್ಕೆ ಕೈ ಹಾಕಬಾರದು.

ಕೊನೆಯದು ಶವಾಸನ. ವಿಡಿಯೋದಲ್ಲಿ ಇದಕ್ಕೆ ಅರ್ಧ ನಿಮಿಷವೂ ಸಿಕ್ಕುವುದಿಲ್ಲ. ಸುಮ್ಮನೆ ಮಲಗಿದವನನ್ನು ಯಾರು ನೋಡುತ್ತಾರೆ? ಆದರೆ ಮನೆಯಲ್ಲಿ ಅದಕ್ಕೆ ಐದು ನಿಮಿಷವಾದರೂ ಕೊಡಬೇಕು. ಅತ್ತೆ ಕಣ್ಣು ಮುಚ್ಚಿ ಮಲಗಿದೊಡನೆ ಸೊಸೆ ಬಂದು ಫೋನನ್ನು ಆರಿಸಬೇಕು. ಇಲ್ಲವಾದರೆ ಅದು ಯಾರೂ ಕೇಳದಿದ್ದರೂ ಮುಂದಿನ ವಿಡಿಯೋ ತೆರೆದು, ಕಡಲತೀರದ ತರುಣ ಶೀರ್ಷಾಸನವನ್ನು ಆರಂಭಿಸಿಯೇ ಬಿಡುತ್ತಾನೆ.