ದೋಷಯುಕ್ತ ಸಂಗ್ರಹಯೋಗ್ಯ ನಾಣ್ಯ: ದರ್ಜೆ ನಿಗದಿಯ ನಂತರ ಮಾರಾಟ ಹೇಗೆ?

ಹಳೆಯ ನಾಣ್ಯದ ಬೆಲೆಯನ್ನು ಅದರಲ್ಲಿರುವ ಲೋಹ, ಅದರ ವಿರಳತೆ ಮತ್ತು ಅದು ಉಳಿದುಬಂದಿರುವ ಸ್ಥಿತಿ ಎಂಬ ಮೂರು ಅಂಶಗಳು ನಿರ್ಧರಿಸುತ್ತವೆ. ಮೊದಲೆರಡನ್ನು ತಕ್ಕಡಿ ಮತ್ತು ದಾಖಲೆಗಳಿಂದ ತಿಳಿಯಬಹುದು. ಸ್ಥಿತಿಯ ವಿಷಯದಲ್ಲಿ ಮಾತ್ರ ಮಾರುವವನಿಗೂ ಕೊಳ್ಳುವವನಿಗೂ ಒಮ್ಮತ ಮೂಡುವುದು ಕಷ್ಟ. ಈ ವ್ಯಾಜ್ಯವನ್ನು ತಪ್ಪಿಸಲೆಂದೇ ಅಮೆರಿಕದಲ್ಲಿ ವೃತ್ತಿಪರ ದರ್ಜೆ ನಿಗದಿ ಸಂಸ್ಥೆಗಳು ಹುಟ್ಟಿಕೊಂಡವು. ಆದರೆ ಅಂತಹ ಸಂಸ್ಥೆಯು ನಾಣ್ಯವನ್ನು ಅಂಕ ನೀಡದೆ, ದೋಷವನ್ನು ನಮೂದಿಸಿ ಹಿಂದಿರುಗಿಸಿದಾಗ ಮಾಲೀಕನು ಏನು ಮಾಡಬೇಕು?

ದರ್ಜೆಯ ಕ್ರಮ

ನಾಣ್ಯಗಳಿಗೆ 1ರಿಂದ 70ರವರೆಗೆ ಅಂಕ ನೀಡುವ ಪದ್ಧತಿಯನ್ನು 1949ರಲ್ಲಿ ವಿಲಿಯಂ ಶೆಲ್ಡನ್ ಅವರು ಅಮೆರಿಕದ ಹಳೆಯ ತಾಮ್ರದ ಸೆಂಟುಗಳಿಗಾಗಿ ರೂಪಿಸಿದರು. 1986ರಲ್ಲಿ ಆರಂಭವಾದ ಪಿಸಿಜಿಎಸ್ ಮತ್ತು 1987ರಲ್ಲಿ ಆರಂಭವಾದ ಎನ್‌ಜಿಸಿ ಸಂಸ್ಥೆಗಳು ಇದೇ ಅಳತೆಯನ್ನು ಬಳಸಿ, ನಾಣ್ಯವನ್ನು ಪ್ಲಾಸ್ಟಿಕ್ ಕವಚದಲ್ಲಿಟ್ಟು ಮೊಹರು ಮಾಡಿಕೊಡುತ್ತವೆ.

ಕೈಯಿಂದ ಕೈಗೆ ಹೋಗಿ ಸವೆಯುವುದನ್ನು ದೋಷವೆಂದು ಪರಿಗಣಿಸುವುದಿಲ್ಲ. ಅದು ಅಂಕವನ್ನು ತಗ್ಗಿಸುತ್ತದೆ, ಅಷ್ಟೆ. ಆದರೆ ಉಜ್ಜಿ ತೊಳೆದಿರುವುದು, ಆಳವಾದ ಗೀರು, ರಾಸಾಯನಿಕದಿಂದ ಅಥವಾ ತೇವದಿಂದ ಆದ ಹಾನಿ, ಕೊಂಡಿಯ ಬೆಸುಗೆಯ ಗುರುತು ಇಂತಹವು ಕಂಡುಬಂದಲ್ಲಿ ಅಂಕವನ್ನು ತಡೆಹಿಡಿಯಲಾಗುತ್ತದೆ. ಆಗ ಚೀಟಿಯಲ್ಲಿ ‘ಅಸಲಿ, ವಿವರಗಳ ಮಟ್ಟ ಇಂತಹುದು, ತೊಳೆಯಲಾಗಿದೆ’ ಎಂಬರ್ಥದ ಬರಹವಿರುತ್ತದೆ. ವರ್ತಕರ ಮಾತಿನಲ್ಲಿ ಇದು ‘ಡೀಟೇಲ್ಸ್’ ನಾಣ್ಯ.

ಆ ಚೀಟಿಯಿಂದ ದೊರೆಯುವ ಲಾಭ

ಇಂತಹ ಚೀಟಿ ಬಂದೊಡನೆ ಹಣ ಹಾಳಾಯಿತೆಂದು ಭಾವಿಸುವುದು ಸರಿಯಲ್ಲ. ಉದಾಹರಣೆಗೆ, ಸ್ಯಾನ್ ಫ್ರಾನ್ಸಿಸ್ಕೋ ಟಂಕಸಾಲೆಯ 1893ರ ಮಾರ್ಗನ್ ಬೆಳ್ಳಿ ಡಾಲರನ್ನು ಗಮನಿಸಬಹುದು. ಅದು ಅಚ್ಚಾದದ್ದು 1,00,000 ಮಾತ್ರ. ಅದೇ ವರ್ಷ ಬೇರೆ ಟಂಕಸಾಲೆಯಲ್ಲಿ ಅಚ್ಚಾದ ಅಗ್ಗದ ಡಾಲರಿಗೆ ‘ಎಸ್’ ಅಕ್ಷರವನ್ನು ಅಂಟಿಸಿ ವಂಚಿಸುವುದುಂಟು. ಆದುದರಿಂದ ಈ ನಾಣ್ಯವನ್ನು ಕೊಳ್ಳುವವನ ಮೊದಲ ಭಯ ನಕಲಿಯದು, ದೋಷದ್ದು ಆಮೇಲಿನದು. ಚೀಟಿಯು ಆ ಮೊದಲ ಭಯವನ್ನು ನಿವಾರಿಸುತ್ತದೆ. ದೋಷರಹಿತ ನಾಣ್ಯಕ್ಕೆ ಹಣ ಸಾಲದ ಸಂಗ್ರಾಹಕರು ಇದರ ಸಹಜ ಗಿರಾಕಿಗಳು.

ಸಾಮಾನ್ಯ ನಾಣ್ಯದ ಲೆಕ್ಕವೇ ಬೇರೆ. ನಮ್ಮಲ್ಲಿ ಪವನು ಎಂದು ಕರೆಯಲ್ಪಡುವ ಬ್ರಿಟಿಷ್ ಸವರನ್ನಿನ ತೂಕ 7.988 ಗ್ರಾಂ, ಅದರಲ್ಲಿನ ಅಪ್ಪಟ ಚಿನ್ನ ಸುಮಾರು 7.32 ಗ್ರಾಂ. ಸರಕ್ಕೆ ಪೋಣಿಸಲು ಕೊಂಡಿ ಬೆಸೆದು, ಅನಂತರ ತೆಗೆದ ಸವರನ್ನುಗಳು ನಮ್ಮ ಮನೆಗಳಲ್ಲಿ ಸಾಕಷ್ಟಿವೆ. ಸುಲಭವಾಗಿ ಸಿಗುವ ವರ್ಷದ ಸವರನ್ನಿನಲ್ಲಿ ಇಂತಹ ಗುರುತಿದ್ದರೆ ಅದು ಚಿನ್ನದ ಬೆಲೆಗೆ ಸಮೀಪದಲ್ಲಿಯೇ ಮಾರಾಟವಾಗುವುದು. ಅದಕ್ಕೆ ದರ್ಜೆ ನಿಗದಿಯ ಶುಲ್ಕ ತೆರುವುದು ವ್ಯರ್ಥ.

ಬೆಲೆ ನಿರ್ಧಾರ

ಲೋಹದ ಮೌಲ್ಯವೇ ಬೆಲೆಯ ಕೆಳಮಿತಿ. ಅಷ್ಟೇ ವಿವರಗಳುಳ್ಳ ನಿರ್ದೋಷ ನಾಣ್ಯದ ಬೆಲೆ ಮೇಲ್ಮಿತಿ. ಇವೆರಡರ ನಡುವೆ ಸ್ಥಾನವನ್ನು ಗೊತ್ತುಪಡಿಸುವುದು ವಿರಳತೆ ಹಾಗೂ ದೋಷದ ಸ್ವರೂಪ. ಹಳೆಯ ಕಾಲದಲ್ಲಿ ಹಗುರವಾಗಿ ತೊಳೆದು, ಮತ್ತೆ ಬಣ್ಣ ತಿರುಗಿದ ನಾಣ್ಯವನ್ನು ಕೊಳ್ಳುವವರಿದ್ದಾರೆ. ರಂಧ್ರವಿರುವ ಅಥವಾ ಮುಖಭಾಗದಲ್ಲಿ ಕೆತ್ತಿದ ನಾಣ್ಯಕ್ಕೆ ಗಿರಾಕಿಗಳು ಕಡಿಮೆ. ಬೆಲೆಪಟ್ಟಿಗಳಲ್ಲಿ ಮುದ್ರಿತವಾಗುವ ದರ ಸಾಮಾನ್ಯವಾಗಿ ನಿರ್ದೋಷ ನಾಣ್ಯದ್ದು. ಆದ್ದರಿಂದ ಅದೇ ಬಗೆಯ ದೋಷವುಳ್ಳ ನಾಣ್ಯಗಳು ಹಿಂದಿನ ಹರಾಜುಗಳಲ್ಲಿ ಪಡೆದ ಬೆಲೆಯನ್ನೇ ಹೋಲಿಕೆಗೆ ತೆಗೆದುಕೊಳ್ಳತಕ್ಕದ್ದು.

ಮಾರುವಾಗ ಪಾಲಿಸತಕ್ಕ ಅಂಶಗಳು

1. ಹೊಳಪು ಬರಲೆಂದು ಹುಣಸೆಹಣ್ಣು, ವಿಭೂತಿ ಅಥವಾ ಪಾಲಿಷಿನಿಂದ ನಾಣ್ಯವನ್ನು ಉಜ್ಜಬಾರದು. ಪೂಜೆಯ ಬೆಳ್ಳಿಗೆ ಒಪ್ಪುವ ಈ ಕ್ರಮವೇ ನಾಣ್ಯಕ್ಕೆ ಮುಳುವಾಗುವುದು.

2. ಬೇರೆಡೆ ಅಂಕ ದೊರೆತೀತೆಂದು ಕವಚವನ್ನು ಒಡೆಯುವ ಮುನ್ನ ಲೆಕ್ಕ ಹಾಕಬೇಕು. ಹೊಸ ಶುಲ್ಕ ಬೀಳುವುದು ಖಚಿತ, ಅಂಕ ಬರುವುದು ಅನಿಶ್ಚಿತ. ಕೈಯಲ್ಲಿದ್ದ ಅಸಲಿತನದ ಪ್ರಮಾಣವೂ ಹೋಗುತ್ತದೆ.

3. ಚೀಟಿಯಲ್ಲಿರುವ ಪದಗಳನ್ನೇ ಜಾಹೀರಾತಿನಲ್ಲಿ ಬಳಸಬೇಕು. ಎರಡೂ ಮುಖಗಳ ಜೊತೆಗೆ ದೋಷವಿರುವ ಭಾಗದ ಛಾಯಾಚಿತ್ರವನ್ನೂ ಕೊಡಬೇಕು.

4. ವಿರಳ ನಾಣ್ಯವನ್ನು ಹರಾಜಿಗೆ, ಸಾಮಾನ್ಯ ನಾಣ್ಯವನ್ನು ನೇರವಾಗಿ ವರ್ತಕನಿಗೆ ಕೊಡುವುದು ಲೇಸು. ಹರಾಜಿನಲ್ಲಿ ಕನಿಷ್ಠ ಬೆಲೆಯನ್ನೂ ದಲ್ಲಾಳಿಯನ್ನೂ ಮೊದಲೇ ಬರವಣಿಗೆಯಲ್ಲಿ ಗೊತ್ತುಪಡಿಸಿಕೊಳ್ಳಬೇಕು.

ಕಾನೂನಿನ ಎಚ್ಚರ

ಕವಚದಿಂದ ತೆಗೆದು, ದೋಷವನ್ನು ಮರೆಮಾಚಿ ಮಾರುವ ಆಸೆ ಕೆಲವರಿಗೆ ಬರಬಹುದು. ವರ್ಣನೆಯ ಮೇರೆಗೆ ಮಾರಿದ ಸರಕು ಆ ವರ್ಣನೆಗೆ ಅನುಗುಣವಾಗಿರಬೇಕೆಂಬುದು 1930ರ ಸರಕು ಮಾರಾಟ ಅಧಿನಿಯಮದ 15ನೆಯ ಪ್ರಕರಣದ ಷರತ್ತು. ‘ನಿರ್ದೋಷ’ ಎಂದು ಹೇಳಿ ತೊಳೆದ ನಾಣ್ಯವನ್ನು ಕೊಟ್ಟರೆ ಅದು ತಿರಸ್ಕೃತವಾಗಿ ಹಿಂದಕ್ಕೆ ಬರಬಹುದು.

ಇದಕ್ಕಿಂತಲೂ ಮುಖ್ಯವಾದದ್ದು 1972ರ ಪ್ರಾಚೀನ ವಸ್ತುಗಳು ಮತ್ತು ಕಲಾನಿಧಿಗಳ ಅಧಿನಿಯಮ. ಇದರ ಪ್ರಕಾರ ನೂರು ವರ್ಷ ತುಂಬಿದ ನಾಣ್ಯವು ಪ್ರಾಚೀನ ವಸ್ತು. ಅದರ ವ್ಯಾಪಾರಕ್ಕೆ ಪರವಾನಗಿ ಬೇಕು. ಖಾಸಗಿ ವ್ಯಕ್ತಿಗಳು ಅದನ್ನು ರಫ್ತು ಮಾಡುವಂತಿಲ್ಲ. ಮುಂಬಯಿ ಟಂಕಸಾಲೆಯಲ್ಲಿ 1918ರಲ್ಲಿ ಮಾತ್ರ ‘ಐ’ ಗುರುತಿನೊಡನೆ ಅಚ್ಚಾದ ಸವರನ್ನು 2018ರಲ್ಲಿ ಈ ಮಿತಿಯನ್ನು ದಾಟಿತು. ಅದನ್ನು ದರ್ಜೆಗಾಗಿ ವಿದೇಶಕ್ಕೆ ಅಂಚೆಯಲ್ಲಿ ಕಳುಹಿಸುವುದು, ವಿದೇಶೀ ಗಿರಾಕಿಗೆ ರವಾನಿಸುವುದು ಅಪರಾಧವಾದೀತು. ಇನ್ನು, ಹಳೆಯ ವಸ್ತುಗಳ ವ್ಯಾಪಾರಿಗಳು ಖರೀದಿ ಮತ್ತು ಮಾರಾಟದ ಅಂತರದ ಮೇಲೆ ಮಾತ್ರ ಜಿಎಸ್‌ಟಿ ತೆರುವ ಅವಕಾಶ 32(5)ನೆಯ ನಿಯಮದಲ್ಲಿದೆ. ಇದು ತಮ್ಮ ವಹಿವಾಟಿಗೆ ಅನ್ವಯಿಸುವುದೇ ಎಂಬುದನ್ನು ಲೆಕ್ಕಪರಿಶೋಧಕರಿಂದ ಖಚಿತಪಡಿಸಿಕೊಳ್ಳುವುದು ಒಳಿತು.

ಜವಳಿಯಲ್ಲಾಗಲಿ, ಯಂತ್ರದ ಬಿಡಿಭಾಗಗಳಲ್ಲಾಗಲಿ, ಎರಡನೆಯ ದರ್ಜೆಯ ಮಾಲನ್ನು ಎರಡನೆಯ ದರ್ಜೆಯದೆಂದೇ ಹೇಳಿ ಮಾರುವ ಅಂಗಡಿಗೆ ಗಿರಾಕಿಯು ಮರಳಿ ಬರುತ್ತಾನೆ. ನಾಣ್ಯದ ವ್ಯಾಪಾರಕ್ಕೂ ಇದೇ ನ್ಯಾಯ ಸಲ್ಲುತ್ತದೆ.